ಚೀಲದ ದರ ಹೋಗಿ ತೂಕದ ದರ ಬಂದ ದಿನ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಕಂಪನಿಯ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತ ಹೆಂಗಸನ್ನು ಎಲ್ಲರೂ ಗಂಟಿನಕ್ಕ ಎನ್ನುತ್ತಿದ್ದರು. ಅಕ್ಷರ ಅಷ್ಟಕ್ಕಷ್ಟೆ. ಆದರೆ ಯಾರ ಚೀಲ ಯಾವುದು, ಯಾವ ಅಂಗಿಯ ಎಷ್ಟನೇ ಗುಂಡಿ ಸಡಿಲ ಎಂಬುದೆಲ್ಲ ಬಾಯಿಪಾಠ. ಅವಳು ಗುರುವಾರ ಎಂದರೆ ಗುರುವಾರವೇ ಬಟ್ಟೆ ಸಿಗುತ್ತಿತ್ತು. ಇಷ್ಟು ವರ್ಷ ದುಡಿದು ಅವಳು ಉಳಿಸಿಕೊಂಡದ್ದು ಆ ಮಾತಿನ ಮೇಲಿನ ನಂಬಿಕೆಯೊಂದೇ.

ಅದಕ್ಕೇ ಧಣಿ ಹೊಸ ದರವನ್ನು ಗಿರಾಕಿಗಳಿಗೆ ಒಪ್ಪಿಸುವ ಕೆಲಸವನ್ನು ಅವಳ ತಲೆಗೆ ಕಟ್ಟಿದ. ಅಲ್ಲಿಯವರೆಗೆ ಚೀಲಕ್ಕೊಂದು ದರ, ಒಳಗೆ ಎಷ್ಟು ಹಿಡಿದರೆ ಅಷ್ಟು. ಸೋಮವಾರದಿಂದ ತೂಕಕ್ಕೆ ದರ. ಖಾಯಂ ಗಿರಾಕಿಗಳೆಲ್ಲ ಅದೇ ಬೆಳಿಗ್ಗೆ ಕಾರಣ ಕೇಳಲು ಬರುವವರಿದ್ದರು.

"ಹೊಸ ಮಿಷಿನ್ ಬರುತ್ತೆ ಅನ್ನಿ ಅಕ್ಕ. ನಿಮ್ಮ ಬಾಯಲ್ಲಿ ಬಂದ್ರೆ ನಂಬ್ತಾರೆ" ಎಂದ ಧಣಿ.

"ಬರುತ್ತಾ?"

"ಅನ್ನಿ ಅಂದೆ, ಅಷ್ಟೇ."

ಸೋಮವಾರ ಬೆಳಿಗ್ಗೆ ಎಂಟಕ್ಕೆಲ್ಲ ನಲವತ್ತು ಜನ. ಬೆಂಚು ಸಾಲದೆ ಕೆಲವರು ತಮ್ಮ ಚೀಲಗಳ ಮೇಲೇ ಕೂತರು. ಧಣಿ ಒಳಬಾಗಿಲಲ್ಲಿ ನಿಂತ. ಗಂಟಿನಕ್ಕನ ಸೊಂಟ ಆಗಲೇ ಹಿಡಿದುಕೊಂಡಿತ್ತು.

"ಚೀಲದ ಬಾಯಿ ಮುಚ್ಚದಿದ್ರೆ ಮೊಣಕಾಲೂರಿ ಒತ್ತಿ ಅಂತ ಕಲಿಸಿದ್ದು ಯಾರಪ್ಪಾ?" ಎಂದು ಬಸ್ ಡ್ರೈವರ್ ಎಲ್ಲರಿಗೂ ಕೇಳುವಂತೆ ಕೆಣಕಿದ.

"ನಾನೇ. ಆಗ ಗಿರಾಕಿ ಬೇಕಿತ್ತು, ಕಲಿಸಿದೆ. ನೀವು ಚೆನ್ನಾಗೇ ಕಲಿತ್ರಿ. ಹೋದ ವಾರ ನಿಮ್ಮ ಚೀಲದಲ್ಲಿ ಎರಡು ಕಂಬಳಿ, ಒಂದು ಪರದೆ, ಒಂದು ಬೂಟು."

"ಬೂಟು ಗೊತ್ತಿಲ್ಲದೆ ಬಂತು ಕಣಕ್ಕ!"

ಜನ ನಕ್ಕರು. ನಗು ಇಳಿಯುವ ಹೊತ್ತಿಗೆ ದರ್ಜಿಯ ಹೆಂಡತಿ ಕೇಳಿದಳು: "ಹೊಸ ಮಿಷಿನ್‌ಗೋಸ್ಕರ ಅಂತ ಧಣಿ ಹೇಳಿದ್ರಂತೆ, ಹೌದಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳಿಗೆ ಹೂಂ ಎನ್ನುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ಮಿಷಿನ್ ಇಲ್ಲಮ್ಮ. ಬಾಯ್ಲರ್ ಎಣ್ಣೆ ದುಬಾರಿ ಆಗಿದೆ. ಇಸ್ತ್ರಿ ಮಾಡೋ ಮೂವರಿಗೆ ಎರಡು ವರ್ಷದಿಂದ ಸಂಬಳ ಏರಿಸಿಲ್ಲ. ಒತ್ತಿ ತುಂಬಿದ ಬಟ್ಟೆ ಇಸ್ತ್ರಿಗೆ ಎರಡರಷ್ಟು ಹೊತ್ತು ತಿನ್ನುತ್ತೆ. ಒಂಟಿಯಾಗಿ ಇರೋರಿಗೆ ಕಮ್ಮಿ ಬೀಳುತ್ತೆ, ಸಂಸಾರಸ್ಥರಿಗೆ ಜಾಸ್ತಿ. ಇಲ್ಲಿ ಮುಕ್ಕಾಲು ಪಾಲು ಸಂಸಾರಸ್ಥರೇ."

"ಮುಂದೆ ಇಳಿಯುತ್ತಾ?"

"ಇಳಿಯಲ್ಲ."

ಗದ್ದಲವೆದ್ದಿತು. ನಿವೃತ್ತ ಮೇಷ್ಟ್ರು ತಮ್ಮ ಚೀಲ ಹೆಗಲಿಗೇರಿಸಿದರು. "ಇದ್ದದ್ದು ಇದ್ದ ಹಾಗೆ ಹೇಳಿದ್ರಿ, ಸಂತೋಷ ತಾಯಿ. ಬಟ್ಟೆ ಮಾತ್ರ ಇನ್ನು ಬೇರೆ ಕಡೆ." ಅವರ ಹಿಂದೆ ಇನ್ನೂ ಎಂಟು ಚೀಲ ಮೆಟ್ಟಿಲಿಳಿದವು. ಒಂದೊಂದೂ ಯಾರದೆಂದು ಅವಳಿಗೆ ಹಿಂದಿನಿಂದ ನೋಡಿಯೇ ಗೊತ್ತಾಗುತ್ತಿತ್ತು.

ಧಣಿ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ: "ಒಂದು ಮಾತಿಗೆ ನಿಮ್ಮದೇನು ಹೋಗ್ತಿತ್ತು?"

"ಬರೋ ತಿಂಗಳು ಮಿಷಿನ್ ಎಲ್ಲಿ ಅಂತ ಇಲ್ಲಿ ಕೂತಿರೋ ನನ್ನನ್ನ ಕೇಳ್ತಾರೆ ಸ್ವಾಮಿ, ನಿಮ್ಮನ್ನಲ್ಲ."

ಅವನು ಗೊಣಗಿಕೊಂಡು ಒಳಗೆ ಹೋದ. ಉಳಿದವರು ಮುಖ ಗಂಟಿಕ್ಕಿಕೊಂಡೇ ಸಾಲು ನಿಂತರು. ಮೊದಲನೆಯವನು ಡ್ರೈವರ್. ತಕ್ಕಡಿಯ ಮುಳ್ಳು ನೋಡಿ ಬೆಚ್ಚಿಬಿದ್ದ.

"ಅಕ್ಕ, ಒದ್ದೆ ಟವೆಲ್ ಇದೆ ಒಳಗೆ. ನೀರಿಗೂ ದುಡ್ಡಾ?"

"ನೀರಿಗೂ ಬೀಳುತ್ತೆ. ಮನೆಗೆ ತಗೊಂಡು ಹೋಗಿ ಒಣಗಿಸಿ ತನ್ನಿ."

ಡ್ರೈವರ್ ಅವಳ ಮುಖವನ್ನೇ ನೋಡಿದ. ಟವೆಲ್ಲುಗಳನ್ನು ಎಳೆದು ಕಂಕುಳಿಗೆ ಸಿಕ್ಕಿಸಿಕೊಂಡು, ಉಳಿದದ್ದನ್ನು ತಕ್ಕಡಿಯ ಮೇಲೆಯೇ ಬಿಟ್ಟ.

"ತೂಕ ನೀವೇ ಬರ್ಕೊಳ್ಳಿ. ನಾನು ನೋಡಲ್ಲ" ಎಂದು ಮೆಟ್ಟಿಲಿಳಿದ.