ಅತ್ತೆಯವರ ಕೈತುತ್ತು

ನಾಲ್ಕು ತುಂಬಿದರೂ ನನ್ನ ಮಗಳು ಹಾಲು, ಚುರುಮುರಿ, ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಮೆತ್ತಗಿನದು, ಒದ್ದೆಯಾದದ್ದು ತುಟಿಗೆ ತಾಗಿದರೆ ಸಾಕು, ಓಕರಿಸುತ್ತಿದ್ದಳು. ಆಗ ನಾವು ಶಹಾಬಾದಿನಲ್ಲಿದ್ದೆವು. ನಾನು ಶಾಲೆಗೆ ಕಲಿಸಲು ಹೋದರೆ ಮನೆಯವರು ಪಕ್ಕದ ವಾಡಿ ಊರಿಗೆ, ಕಚೇರಿಗೆ. ಹಗಲೆಲ್ಲ ಮಗು ಅತ್ತೆಯವರ ಹತ್ತಿರವೇ.

ಅತ್ತೆ ಅವಳನ್ನು ಕಾಲ ನಡುವೆ ಕೂಡಿಸಿಕೊಂಡು, ಎರಡೂ ಕೈ ಹಿಡಿದು, ಮೊಸರನ್ನದ ತುತ್ತು ಬಾಯಿಗೆ ತುರುಕುತ್ತಿದ್ದರು. ಮಗು ಅಳುತ್ತ ನುಂಗಿ, ನುಂಗಿದ್ದನ್ನೆಲ್ಲ ಕಾರಿಕೊಳ್ಳುತ್ತಿತ್ತು. ಮೈ ತೊಳೆದು ಮತ್ತೆ ಶುರು. ಹೊಡೆದವರಲ್ಲ, ಬೈದವರೂ ಅಲ್ಲ. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದು ಯಾತರ ಹೆದರಿಕೆಯೆಂದು ನನಗೆ ಆಗ ಗೊತ್ತಿರಲಿಲ್ಲ.

ಕಲಬುರ್ಗಿಯ ಮಕ್ಕಳ ಡಾಕ್ಟರು ನಮ್ಮನ್ನು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಊಟ ಒಲ್ಲದ ಮಕ್ಕಳಿಗೆ ಥೆರಪಿ ಕೊಡುವ ಹೆಣ್ಣುಮಗಳೊಬ್ಬಳು ಮಗುವನ್ನು ನೋಡಿ, ಇದು ಹಟವಲ್ಲ, ಇವಳ ಬಾಯಿಗೂ ಕೈಗೂ ಮೆತ್ತಗಿನ, ಒದ್ದೆ ಪದಾರ್ಥದ ಭಯವಿದೆ ಎಂದಳು. ಥೆರಪಿಗೆ ಮೊದಲು ಮನೆಯಲ್ಲೇ ಸ್ವಲ್ಪ ದಿನ ಮಗುವನ್ನು ಸಜ್ಜು ಮಾಡಬೇಕಂತೆ. ಅನ್ನದಲ್ಲಿ ಕೈಯಾಡಿಸಲಿ, ಉಗುಳಿದರೂ ಬೈಯಬೇಡಿ, ಮುಂದೆ ಏನಾಗುತ್ತದೆಂದು ಮೊದಲೇ ಹೇಳಿ. ಯಾರೂ ಬಲವಂತವಾಗಿ ಉಣಿಸಬಾರದು. ಅಜ್ಜಿಯಂತೂ ಸದ್ಯ ಊಟದ ಹೊತ್ತಿಗೆ ಎದುರಿಗಿರುವುದೂ ಬೇಡ.

ಮಡಿಯ ಮನೆಯಲ್ಲಿ ಅನ್ನದ ಆಟದ ಮಾತು ತೆಗೆಯುವುದಕ್ಕೇ ನನಗೆ ಅಳುಕಿತ್ತು. ಅತ್ತೆ ಅದಕ್ಕೆ ಅಡ್ಡಿ ಮಾಡಲಿಲ್ಲ. ಉಣಿಸಬಾರದೆಂಬ ಎರಡನೆಯ ಮಾತಿಗೆ ಮಾತ್ರ ಗೋಡೆಗೆ ಒರಗಿ ಕುಳಿತುಬಿಟ್ಟರು.

"ಮಡಿ ಹೋದ್ರ ನೀರು ಹಾಕ್ಕೊಂಡ್ರ ಬರ್ತದ. ಕೂಸಿಗೆ ಉಣಿಸಬ್ಯಾಡ ಅಂದ್ರ ನಾ ಹ್ಯಾಂಗ ಸುಮ್ಮ ಕುಂದ್ರಲಿ?"

ಹಾಗೆಂದವರೇ ನನ್ನ ಗಂಡನಿಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ನನ್ನ ಗಂಡ ಹುಟ್ಟುವುದಕ್ಕೂ ಮೊದಲು, ಚಿತ್ತಾಪುರದಲ್ಲಿದ್ದಾಗ, ಅತ್ತೆಗೆ ಒಂದು ಹೆಣ್ಣುಮಗುವಿತ್ತಂತೆ. ಜ್ವರ ಬಂದು ಬಿಟ್ಟ ಮೇಲೆ ಅದು ಊಟ ಬಿಟ್ಟಿತು.

"ಹಸಿವಾದ್ರ ತಾನೇ ಕೇಳ್ತದ ಅಂತ ಎಲ್ಲಾರೂ ಅಂದ್ರು. ನಾನೂ ಕಾದೆ. ಕೇಳ್ಲೇ ಇಲ್ಲ ಅದು."

ಮರುದಿನ ನಾನು ಕೇಳುವ ಮೊದಲೇ ಅತ್ತೆ ಹಿತ್ತಲ ಪಡಸಾಲೆಯಲ್ಲಿ ಒಂದು ತಾಟಿನ ತುಂಬ ಅನ್ನ ಹಾಕಿಟ್ಟಿದ್ದರು. ಮಗಳು ಮೊದಲು ಒಂದು ಬೆರಳು ತಾಗಿಸಿ ಲಂಗಕ್ಕೆ ಒರೆಸಿಕೊಂಡಳು. ವಾರ ಕಳೆಯುವಷ್ಟರಲ್ಲಿ ಅನ್ನದಲ್ಲಿ ಗುಡ್ಡ ಮಾಡತೊಡಗಿದಳು. ರೈಲಿನಲ್ಲಿ ಹೋಗುತ್ತೇವೆ, ಅಲ್ಲಿ ಸೂಜಿ ಇಲ್ಲ, ಆಟದ ಸಾಮಾನುಗಳಿವೆ, ಬೇಡವೆಂದರೆ ಬೇಡವೆನ್ನಬಹುದು ಎಂದು ನಾನು ದಿನವೂ ಹೇಳುತ್ತಿದ್ದೆ. ಊಟದ ಹೊತ್ತಿಗೆ ಅತ್ತೆ ಎದ್ದು ಗುಡಿಯ ಕಟ್ಟೆಗೆ ಹೋಗುತ್ತಿದ್ದರು. ತಿರುಗಿ ಬಂದಾಗ ತಾಟಿನತ್ತ ಒಮ್ಮೆ ನೋಡುತ್ತಿದ್ದರು.

ಹೊರಡುವ ದಿನ ಮಗಳು, "ಅಲ್ಲಿ ಅಜ್ಜಿ ಬರ್ತಾಳೇನು?" ಎಂದಳು. ಇಲ್ಲವೆಂದೆ. ಅಷ್ಟು ಕೇಳಿದ್ದೇ ತಡ, ಓಡಿಹೋಗಿ ಚಪ್ಪಲಿ ಹಾಕಿಕೊಂಡಳು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಹೋಗಿ ಬಾ, ಪುಟ್ಟಿ," ಅಂದರು.

ಒಂದು ವರ್ಷ ಹೈದರಾಬಾದಿಗೆ ತಿರುಗಾಡಿದೆವು. ಮಗಳು ಚಮಚೆಯಲ್ಲಿ ಮೊಸರನ್ನ ತಿನ್ನಲು ಕಲಿತಳು. ಇನ್ನು ಅಜ್ಜಿಯೂ ಉಣಿಸಿ ನೋಡಬಹುದು ಎಂದು ಹೈದರಾಬಾದಿನವಳು ಹೇಳಿದ್ದನ್ನು ಅತ್ತೆಗೆ ತಿಳಿಸಿದೆ. ಅವರು ಕೈತೊಳೆದು ಬಂದು ಮೊಸರನ್ನ ಮೆತ್ತಗೆ ಕಲಸಿ, ಸಣ್ಣ ತುತ್ತು ಮಾಡಿ ಹಿಡಿದರು. ಮಗಳು ಅಳಲಿಲ್ಲ, ಓಡಲಿಲ್ಲ. ಆ ಕೈಯನ್ನೇ ನೋಡುತ್ತ ತುಟಿ ಬಿಗಿದಳು. ಅತ್ತೆ ಆ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡರು.

"ಇರ್ಲಿ ಬಿಡು. ತಾನೇ ಉಣ್ಣಲಿ."

ಆಮೇಲೆ ಅವರು ಇನ್ನೊಮ್ಮೆ ಕೈ ಚಾಚಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಮಗಳು ಎಲ್ಲರ ಸಾಲಿನಲ್ಲಿ ಎಲೆಯ ಮುಂದೆ ಕುಳಿತು, ನಿಧಾನವಾಗಿ, ತನ್ನ ಕೈಯಿಂದಲೇ ಅನ್ನ ಉಂಡಳು. ಸೇಡಂನಿಂದ ಬಂದಿದ್ದ ನೆಂಟರು, ಕೂಸು ಎಷ್ಟು ಚಂದ ಉಣ್ಣಲಿಕತ್ತದ ಎಂದರು. ಬಡಿಸುತ್ತಿದ್ದ ನಾನು ಹುಳಿಯ ಪಾತ್ರೆ ಕೆಳಗಿಟ್ಟು ಹಿತ್ತಲಿಗೆ ಹೋದೆ.