ಗೆದ್ದಲು ಉಳಿಸಿದ ಒಂದೂವರೆ ಸಾಲು

ಗೆದ್ದಲು ತಿಂದು ಆ ಕಾಗದದಲ್ಲಿ ಉಳಿದದ್ದು ಒಂದೂವರೆ ಸಾಲು. ಅದರಲ್ಲಿ ನೀಲವ್ವನ ಹೆಸರಿತ್ತು. ಹೆಸರಿಗೆ ಮೊದಲು ‘ಮ್ಯಾನ್ಯುಮಿಟ್’ ಎಂಬ ಇಂಗ್ಲಿಷ್ ಕ್ರಿಯಾಪದ.

ನಿಜಾಮರ ಆಳ್ವಿಕೆಯ ಕಾಲ. ಕಲಬುರ್ಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಮೊದಲ ವರ್ಷ. ಶುಕ್ರವಾರ ರಜೆ. ಗುರುವಾರ ಸಂಜೆ ಕಮಲಾಪುರಕ್ಕೆ ಹೋಗಿ, ಜಮೀನ್ದಾರರ ವಾಡೆಯೊಂದರ ಮಗಳಿಗೆ ಪಾಠ ಹೇಳಿ, ಮರುದಿನ ಮರಳುತ್ತಿದ್ದೆ. ಆ ಹುಡುಗಿಗೆ ಮದುವೆಯಾಗಿ, ಶನಿವಾರ ಮಧ್ಯಾಹ್ನ ಬೀದರಿನ ಗಂಡನ ಮನೆಗೆ ಹೊರಡುವವಳಿದ್ದಳು. ಮದುಮಗಳ ಜೊತೆ ಒಬ್ಬ ಜೀತದ ಆಳುಹೆಣ್ಣನ್ನು ಕಾಯಂ ಆಗಿ ಕಳಿಸುವುದು ಆ ಮನೆಯ ರೂಢಿ. ಈ ಸಲ ಅಡುಗೆಮನೆಯ ನೀಲವ್ವನನ್ನು ಆರಿಸಿದ್ದರು.

ಹೊರಡುವ ಹಿಂದಿನ ದಿನ, ಶುಕ್ರವಾರ, ಪಾಠ ಮುಗಿದಾಗ ನೀಲವ್ವ ಸೆರಗಿನಿಂದ ಕಾಗದ ತೆಗೆದಳು.

“ದೊಡ್ಡ ಧಣ್ಯಾರು ಸಾಯೂ ಮುಂದ ಕೊಟ್ಟಿದ್ರು, ಅಕ್ಕೋರ. ಭಾಳ ವರ್ಷ ಆತು. ಸೋಲಾಪುರದ ವಕೀಲರ ಕಡಿಂದ ಬರಿಸಿದ್ದಂತ. ಓದವ್ರು ಯಾರೂ ಸಿಗಲಿಲ್ಲ. ನನ್ನ ಮಗಳಿಗಿ ದಿನಾ ತುಂಬ್ಯಾವ್ರಿ. ನಾ ಹೋಗಲೇಬೇಕೇನು, ನೋಡಿ ಹೇಳ್ರಿ.”

ಆ ಪದ ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಲು ನಾಚಿಕೆ. ನಾನು ಡಿಗ್ರಿ ಪಡೆದವಳು. ಕಾಲೇಜಿನ ಲ್ಯಾಟಿನ್ ನೆನಪಾಯಿತು: ‘ಮಾನುಸ್’ ಎಂದರೆ ಕೈ, ‘ಮಿತ್ತೆರೆ’ ಎಂದರೆ ಕಳಿಸು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಳಿಸುವುದಿರಬೇಕು ಎಂದುಕೊಂಡೆ.

“ನಿನ್ನನ್ನ ಈ ಮನಿಗೆ ಒಪ್ಪಿಸಿದ ಕಾಗದ ಇದು,” ಎಂದೆ.

ನೀಲವ್ವ ನಕ್ಕಳು. “ನನ್ನ ಹಣ್ಯಾಗ ಬರದದ್ದು ಇಂಗ್ಲೀಷಿನ್ಯಾಗೂ ಬರದಾರಲ್ಲ! ಆತು ಬಿಡ್ರಿ, ಹೋಗ್ತೀನಿ.”

ಸಂಜೆ ಕಲಬುರ್ಗಿಗೆ ಮರಳಿ, ಗಾಜಿಪುರ ಓಣಿಯ ನನ್ನ ಕೋಣೆಯಲ್ಲಿ ನಿಘಂಟು ತೆರೆದೆ. ಪದದ ಬೇರುಗಳು ನಾನು ಅಂದುಕೊಂಡವೇ. ಆದರೆ ರೋಮಿನವರ ಮಾತಿನಲ್ಲಿ ಆ ‘ಕೈ’ ಯಜಮಾನನ ಹಿಡಿತ. ಅದರಿಂದ ಹೊರಕ್ಕೆ ಕಳಿಸುವುದೆಂದರೆ ಗುಲಾಮರನ್ನು ಬಿಡುಗಡೆ ಮಾಡುವುದು. ಮತ್ತೆ ಓದಿದೆ. ಬಿಡುಗಡೆಯ ಪತ್ರವನ್ನು ಸೆರಗಿನಲ್ಲಿಟ್ಟುಕೊಂಡೇ ಆ ಹೆಂಗಸು ಅಷ್ಟು ವರ್ಷ ದುಡಿದಿದ್ದಳು; ಅದನ್ನು ಓದಬಲ್ಲವಳೆಂದು ಅವಳು ನಂಬಿದ್ದ ನಾನೇ ಅವಳನ್ನು ಮತ್ತೆ ಕಟ್ಟಿಹಾಕಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ಶಿಕ್ಷಕಿಯ ಕೆಲಸವೆಂದು ನಾನು ಕಲಿತದ್ದು ಅಂದು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗಲಿಲ್ಲ. ನಸುಕಿನಲ್ಲೇ ಟಾಂಗಾ ಹಿಡಿದು ಕಮಲಾಪುರಕ್ಕೆ ಹೋದೆ. ವಾಡೆಯ ಮುಂದೆ ಬಂಡಿ ಕಟ್ಟುತ್ತಿದ್ದರು. ಈಗಿನ ಧಣಿಗಳೂ ಅಲ್ಲೇ ನಿಂತಿದ್ದರು. ನಿಘಂಟು ತೆರೆದು, ಎಲ್ಲರಿಗೂ ಕೇಳುವಂತೆ, “ನಿನ್ನೆ ನಾನು ತಪ್ಪು ಹೇಳಿದ್ದೆ,” ಎಂದು ಶುರುಮಾಡಿ ಆ ಪದದ ಅರ್ಥ ಪೂರ್ತಿ ಓದಿ ಹೇಳಿದೆ. ನೀಲವ್ವನ ಗಂಟು ಬಂಡಿಯಲ್ಲಿತ್ತು. ಅದನ್ನು ನಾನೇ ಕೆಳಗಿಳಿಸಿದೆ.