ಬಸವೇಶ್ವರಿ ಟೀಚರಿಗೆ ಭಿನ್ನರಾಶಿ ಬರುವುದಿಲ್ಲ

ಬಸವೇಶ್ವರಿ ನನ್ನ ಚಿಕ್ಕಮ್ಮನ ಮಗಳು. ಮನೆ ಚಿತ್ತಾಪುರದಲ್ಲಿ. ಬೆಳಿಗ್ಗೆ ಟಂಟಂ ಆಟೋ ಹತ್ತಿ ಗುಂಡಗುರ್ತಿಯ ಆಚೆಗಿನ ಒಂದು ಹಳ್ಳಿಯ ಸರಕಾರಿ ಶಾಲೆಗೆ ಹೋಗುತ್ತಾಳೆ. ಹಳ್ಳಿಯ ಹೆಸರು ಬೇಡ. ಆ ಊರಿನವರು ನನಗೂ ಬೇಕಾದವರೇ. ಅಲ್ಲಿ ಅವಳು ಐದನೇ ತರಗತಿಗೆ ಗಣಿತ ಕಲಿಸುತ್ತಾಳೆ. ನಿಜಕ್ಕೂ ಕಲಿಸುತ್ತಾಳೆಯೇ ಎಂಬ ಪ್ರಶ್ನೆ ಹೋದ ವರ್ಷ ಎದ್ದಿತು. ಅದು ಇನ್ನೂ ಪೂರ್ತಿ ಕುಳಿತಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರಿಗೆ ಎಲ್ಲವೂ ಗೊತ್ತಿತ್ತು, ನಮಗೆ ಏನೂ ಗೊತ್ತಿರಲಿಲ್ಲ. ವರ್ಷದ ಕೊನೆಯವರೆಗೂ ಎರಡೂ ಕಡೆಯವರು ತಮ್ಮ ಪಾಲನ್ನು ಬಿಟ್ಟುಕೊಡುತ್ತಿರಲಿಲ್ಲ. ಬಸವೇಶ್ವರಿಯ ತರಗತಿಯಲ್ಲಿ ಇದು ಪೂರಾ ಉಲ್ಟಾ.

ಅವಳು ಭಂಕೂರಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯ ಮಗಳು. ಮೊದಲ ನೌಕರಿ ಸಿಕ್ಕಿದ್ದು ಗಡಿಭಾಗದ ಕುಂಚಾವರಂ ಕಡೆಯ ಕಾಡಂಚಿನ ಒಂದು ಸಣ್ಣ ಶಾಲೆಯಲ್ಲಿ. ಮಕ್ಕಳದು ತೆಲುಗು, ಇವಳದು ಕನ್ನಡ. ಪಾಠ ಓದಿ, ಮಕ್ಕಳು ಏನೋ ಅಂದರೆ, "ನನಗ ತಿಳಿವಲ್ದು, ಜರಾ ತಿಳಿಸಿ ಹೇಳ್ರಿ" ಎನ್ನುತ್ತಿದ್ದಳು. ಮಕ್ಕಳು ಪೈಪೋಟಿಯ ಮೇಲೆ ಕೈ, ಕಾಲು, ಕಲ್ಲು, ಕಡ್ಡಿ ಎಲ್ಲ ಬಳಸಿ ತಿಳಿಸುತ್ತಿದ್ದವು. ಟೀಚರಿಗೆ ತಿಳಿಸಬೇಕಾದರೆ ಮೊದಲು ತಮಗೆ ತಿಳಿಯಬೇಕಲ್ಲ, ಹಾಗಾಗಿ ಅವುಗಳಿಗೂ ತಿಳಿಯಿತು. ಅಲ್ಲಿ ಅವಳ ಅಜ್ಞಾನ ಅಸಲಿ ಮಾಲು.

ಈ ಹಳ್ಳಿಗೆ ವರ್ಗವಾಗಿ ಬಂದಾಗ ಭಾಷೆಯ ತೊಂದರೆ ತಪ್ಪಿತು, ಬೇರೆ ತೊಂದರೆ ಹುಟ್ಟಿತು. ಇವಳು ಹೇಳಿದ್ದೆಲ್ಲ ಮಕ್ಕಳಿಗೆ ಅರ್ಥವಾಗುತ್ತಿದ್ದುದರಿಂದ ಅವು ಸುಮ್ಮನೆ ತಲೆಯಾಡಿಸುತ್ತ ಕುಳಿತವು. ಪರೀಕ್ಷೆಯಲ್ಲಿ ಮಾತ್ರ ಏನೂ ಬರೆಯಲಿಲ್ಲ. ಆಗ ಅವಳು ಹಳೆಯ ಅಜ್ಞಾನವನ್ನೇ ಮತ್ತೆ ತರಿಸಿಕೊಂಡಳು, ಈ ಸಲ ನಕಲಿ. ಹಲಗೆಯ ಮೇಲೆ ಲೆಕ್ಕ ತಪ್ಪು ಮಾಡಿ, ಸೀಮೆಸುಣ್ಣ ಹಿಡಿದು ಪೆಚ್ಚಾಗಿ ನಿಲ್ಲುವುದು. "ಅಲ್ರಿ ಟೀಚರ್, ಹಂಗಲ್ಲ" ಎಂದು ಹಿಂದಿನ ಸಾಲಿನಿಂದ ಒಬ್ಬಳು ಏಳುವುದು. ಆಮೇಲೆ ತರಗತಿ ಸಂತೆಯಾಗುವುದು.

ವರ್ಷಗಟ್ಟಲೆ ಹೀಗೇ ನಡೆದು ಅವಳಿಗೇ ಗೊಂದಲ ಶುರುವಾಯಿತು. ಒಮ್ಮೆ ಚಿತ್ತಾಪುರದ ಸಂತೆಗೆ ನಾನೂ ಜೊತೆಗೆ ಹೋಗಿದ್ದೆ. ಬದನೆಕಾಯಿ ಮಾರುವ ಭೀಮಮ್ಮ ಪಾವು ಕಿಲೋದ ದರ ಹೇಳಿದಳು. ಇವಳು ಬಹಳ ಗಂಭೀರವಾಗಿ, "ಪಾವು ಕಿಲೋ ಅಂದ್ರ ಎಷ್ಟಾತು?" ಎಂದಳು. ಭೀಮಮ್ಮ ತಕ್ಕಡಿ ಕೆಳಗಿಟ್ಟು, ಬದನೆಕಾಯಿ ಗುಂಪು ಮಾಡಿ, ನಾಲ್ಕು ಪಾವು ಕೂಡಿದರೆ ಒಂದು ಕಿಲೋ ಎಂದು ತಾಳ್ಮೆಯಿಂದ ತಿಳಿಸಿದಳು.

"ಇಲ್ಲಿಯಾದರೂ ನಾಟಕ ಬಿಡು," ಎಂದೆ ನಾನು.

"ನಾಟಕ ಅಲ್ಲಣ್ಣ. ಒಂದು ಗಳಿಗಿ ಖರೇನೇ ಮರತಿದ್ದೆ ಅನಸ್ತದ."

ಊರಿನಲ್ಲಿ ಗುಲ್ಲೆದ್ದದ್ದು ದೇವಿಕಾಳಿಂದ. ಅವಳ ಅಪ್ಪ ರೇವಣಸಿದ್ದ ಶಾಲಾ ಸಮಿತಿಯ ಅಧ್ಯಕ್ಷ. ಹೊಲ ಉಂಟು, ಕುರಿಯೂ ಉಂಟು. ಮಗಳು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಬೇಕೆಂಬುದು ಅವನ ಒಂದೇ ಹಟ. ಅಂಥವನ ಮುಂದೆ ಊಟಕ್ಕೆ ಕುಳಿತಾಗ ಮಗಳು ಹೆಮ್ಮೆಯಿಂದ, "ಅಪ್ಪಾ, ನಮ್ಮ ಟೀಚರಿಗಿ ಭಿನ್ನರಾಶಿ ಬರಲ್ಲ. ದಿನಾ ನಾನೇ ಕಲಸ್ತೀನಿ" ಅಂದಳು. ರೊಟ್ಟಿ ಅವನ ಗಂಟಲಲ್ಲೇ ನಿಂತಿತು. ವಾರದೊಳಗೆ ಭಿನ್ನರಾಶಿ ಊರಿನ ಭಿನ್ನಾಭಿಪ್ರಾಯವಾಯಿತು. ಬಸವೇಶ್ವರಿ ಟೀಚರನ್ನು ಒಂದನೇ ತರಗತಿಗೆ ಹಾಕಿ, ಐದನೆಯದನ್ನು ಹೆಡ್ ಮಾಸ್ತರರೇ ತೆಗೆದುಕೊಳ್ಳಲಿ ಎಂಬ ಮಾತು ಬಂತು.

ಹೆಡ್ ಮಾಸ್ತರ ಕಾಶೀನಾಥರ ಪ್ರಕಾರ ಒಳ್ಳೆಯ ಶಿಕ್ಷಕರ ಗುರುತು ಗಟ್ಟಿ ದನಿ, ತುಂಬಿದ ಹಲಗೆ ಮತ್ತು ಸದ್ದಿಲ್ಲದ ತರಗತಿ. ಬಸವೇಶ್ವರಿಯಲ್ಲಿ ಈ ಮೂರೂ ಇಲ್ಲ. ಆದರೆ ಅವಳ ಮಕ್ಕಳಿಗೆ ಲೆಕ್ಕ ಬರುತ್ತದೆ. ಇದನ್ನು ಯಾವ ಖಾನೆಯಲ್ಲಿ ಹಾಕಬೇಕೆಂದು ಅವರಿಗೆ ತಿಳಿಯದು.

ಬಸವೇಶ್ವರಿ ನನಗೆ ಫೋನು ಮಾಡಿದಳು. "ತರಗತಿ ಹೋದ್ರ ಹೋಗಲಿ ಅಣ್ಣ. ಆದ್ರ ಹುಡುಗೂರು ಮತ್ತ ತಲಿ ಆಡಸ್ಕೋತ ಕುಂದರ್ತಾವ. ಪರೀಕ್ಷಿ ಬಂದೇ ಬಿಡ್ತು."

"ನಿನಗೆ ಬರುತ್ತದೆ ಅಂತ ತೋರಿಸಿಬಿಡು. ಒಂದೇ ಲೆಕ್ಕ, ಒಂದೇ ನಿಮಿಷ."

"ಬರ್ತದಂತ ಗೊತ್ತಾದ್ರ ನಾಳಿಂದ ನನಗ ಯಾರು ಕಲಸ್ತಾರ?"

ಮುಂದೆ ನಡೆದದ್ದೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಕೂಡುವ ಲೆಕ್ಕದ ಸಲುವಾಗಿ ಸಮಿತಿ ಕೂಡಿತು. ಐದನೇ ತರಗತಿಯ ಮಕ್ಕಳು ಮನೆಗೆ ಹೋಗದೆ ಕಿಟಕಿಯ ಸರಳುಗಳಿಗೆ ಜೋತುಬಿದ್ದವು.

"ಸರ್, ಟೀಚರ್ ಮ್ಯಾಲ ನನಗ ಸಿಟ್ಟಿಲ್ಲ," ರೇವಣಸಿದ್ದ ಶುರು ಮಾಡಿದ. "ಭಾಳ ಒಳ್ಳೆ ಹೆಣ್ಮಗಳು. ಆದ್ರ ಕಾಯಲಿಕ್ಕಿ ಬರದವರ ಕೈಯಾಗ ಯಾರಾದರೂ ಕುರಿ ಬಿಡ್ತಾರೇನ್ರಿ?"

"ಕುರಿ ಮೇದು ದಪ್ಪ ಆಗ್ಯಾವಲ್ಲೋ ಮಾರಾಯ," ಹೆಡ್ ಮಾಸ್ತರರು ತಲೆ ಕೆರೆದುಕೊಂಡರು. "ನನಗ ತಿಳಿಲಾರದ್ದು ಅದೇ."

ಸಮಿತಿಯ ಸದಸ್ಯೆ ತಾಜುನ್ನಿಸಾ ನಡುವೆ ಬಾಯಿ ಹಾಕಿದಳು. ಅವಳ ಮಗಳು ರುಕ್ಸಾರ್ ಕೂಡ ಅದೇ ತರಗತಿ. "ರೇವಣಸಿದ್ದಣ್ಣ, ನೀ ಸಾಲಿ ಬಿಟ್ಟಿದ್ದು ಇದೇ ಲೆಕ್ಕಕ್ಕ ಅಂಜಿ ಅಲ್ಲಾ? ಈಗ ನೀನೇ ಪರೀಕ್ಷಿ ತಗೋತಿ."

"ಅದಕ್ಕೇ ಅಂಜಿಕಿ, ತಂಗಿ. ನಾ ನಿಂತಲ್ಲೇ ನನ್ನ ಮಗಳು ನಿಲ್ಲಬಾರದು."

ಹೆಡ್ ಮಾಸ್ತರರು ಎದ್ದು ಹಲಗೆಯ ಮೇಲೆ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವ ಲೆಕ್ಕ ಬರೆದು, ಸೀಮೆಸುಣ್ಣವನ್ನು ಬಸವೇಶ್ವರಿಯ ಕೈಗಿತ್ತರು. "ಮಾಡ್ರಿ ಟೀಚರ್. ಎಲ್ಲರ ಗೊಂದಲ ಮುಗೀಲಿ."

ಅವಳು ಹಲಗೆ ನೋಡಿದಳು, ಕಿಟಕಿ ನೋಡಿದಳು. ಸರಳುಗಳ ನಡುವೆ ಮೂಗು ತೂರಿಸಿದ್ದ ದೇವಿಕಾ ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದಳು: ಆರು, ಟೀಚರ್, ಆರು. ಬಸವೇಶ್ವರಿ ಕೈಯೆತ್ತಿದಳು. ಮೇಲೆ ಒಂದೂ ಒಂದೂ ಎರಡು, ಕೆಳಗೆ ಎರಡೂ ಮೂರೂ ಐದು. ಐದನೇ ಎರಡು ಎಂದು ಬರೆದಳು. ಬೇಕೆಂದೇ ಬರೆದೆಯಾ ಎಂದು ಆಮೇಲೆ ಕೇಳಿದೆ. "ಬೇಕಂತ ಬರದ್ನೋ, ಕೈ ರೂಢಿಗಿ ಹೋತೋ, ನನಗೂ ತಿಳಿವಲ್ದು" ಅಂದಳು. ಛೇದದಲ್ಲಿ ತಪ್ಪಿ, ಮುಖದಲ್ಲಿ ಖೇದ ತಂದುಕೊಂಡು ನಿಂತಿದ್ದಳಂತೆ. ಆ ಖೇದವೂ ಯಾವ ನಮೂನೆಯದೋ ಗೊತ್ತಿಲ್ಲ.

"ನೋಡ್ರಿ," ರೇವಣಸಿದ್ದ ಹೇಳಿದ. ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

ಅಷ್ಟರಲ್ಲಿ ದೇವಿಕಾ ಒಳಗೆ ಬಂದಿದ್ದಳು. "ಟೀಚರ್, ಮತ್ತ ಮರತ್ರಿ? ಅರ್ಧ ರೊಟ್ಟಿ ಅದ. ಅದಕ್ಕ ಇನ್ನಷ್ಟು ಹಾಕೀರಿ. ಹಾಕಿದ ಮ್ಯಾಲ ಅರ್ಧಕ್ಕಿಂತ ಕಮ್ಮಿ ಹ್ಯಾಂಗ ಆಗ್ತದ್ರಿ? ರೊಟ್ಟಿ ಆರು ತುಕಡಿ ಮಾಡ್ರಿ. ಅರ್ಧ ಅಂದ್ರ ಮೂರು. ಮೂರನೇ ಒಂದು ಅಂದ್ರ ಎರಡು. ಕೂಡಸ್ರಿ ಈಗ."

"ಐದು," ಅಂದಳು ಬಸವೇಶ್ವರಿ.

"ಎಷ್ಟರಾಗ ಐದು?"

"ಆರರಾಗ."

"ಹಾಂ. ತಿಳೀತಾ?"

ಸಮಿತಿಗೆ ಏನೂ ತಿಳಿಯಲಿಲ್ಲ. ರೇವಣಸಿದ್ದ ಮಗಳನ್ನೂ ಟೀಚರನ್ನೂ ಹಲಗೆಯನ್ನೂ ಸರದಿಯ ಮೇಲೆ ನೋಡಿದ. "ಸರ್, ಇಕಿಗಿ ಬರ್ತದ. ಅವರಿಗಿ ಬರಲ್ಲ. ಮತ್ತ ಇಕಿಗಿ ಕಲಿಸಿದವರ್ಯಾರು?"

"ನಾ ಅಲ್ಲಪ್ಪ," ಅಂದರು ಹೆಡ್ ಮಾಸ್ತರರು, ಆಣೆ ಮಾಡುವವರಂತೆ.

"ನಮ್ಮ ರುಕ್ಸಾರೂ ಮನ್ಯಾಗ ಓದೇ ಓದ್ತಾಳ," ತಾಜುನ್ನಿಸಾ ಹೇಳಿದಳು. "ಯಾಕಂದ್ರ, ನಾಳಿ ಟೀಚರಿಗಿ ಹೇಳಿಕೊಡಬೇಕಂತಾಳ. ಟೀಚರಿಗಿ ಒಂದನೇ ಕ್ಲಾಸಿಗಿ ಕಳಸಿದ್ರ ಅಲ್ಲಿಯ ಸಣ್ಣ ಹುಡುಗೂರಿಗಿ ಭಿನ್ನರಾಶಿ ಎಲ್ಲಿ ಬರ್ತದ? ಪಾಪ, ಟೀಚರ್ ಕಲಿಯೋದು ಯಾವಾಗ?"

ಈ ವಾದದಲ್ಲಿ ಎಲ್ಲೋ ಏನೋ ತಪ್ಪಿದೆಯೆಂದು ಎಲ್ಲರಿಗೂ ಅನ್ನಿಸಿತು, ಎಲ್ಲಿ ಎಂದು ಯಾರಿಗೂ ಹೊಳೆಯಲಿಲ್ಲ. ಬಹಳ ಹೊತ್ತಿನ ಮೇಲೆ ಸಮಿತಿ ಒಮ್ಮತದಿಂದ ಹೀಗೆ ಠರಾವು ಮಾಡಿತು: ಬಸವೇಶ್ವರಿ ಟೀಚರಿಗೆ ಭಿನ್ನರಾಶಿ ಚೆನ್ನಾಗಿ ಬರುವವರೆಗೂ ಅವರನ್ನು ಐದನೇ ತರಗತಿಯಲ್ಲೇ ಮುಂದುವರಿಸತಕ್ಕದ್ದು. ಬಸವೇಶ್ವರಿ ಕೆಳಗೆ ಸಹಿ ಹಾಕಿದಳು.

ಟಂಟಂಗೆ ಕಾಯುತ್ತ ನಿಂತಾಗ, ಗೋಡೆಯ ಆಚೆ ರೇವಣಸಿದ್ದ ಮಗಳಿಗೆ ಹೇಳುವುದು ಕೇಳಿಸಿತಂತೆ. "ಕೇಳಿಲ್ಲಿ. ಅವರು ತಪ್ಪಿದ್ರ ನಗಬ್ಯಾಡ. ಮರತ್ರ ಸಿಟ್ಟಿಗೇಳಬ್ಯಾಡ, ಮತ್ತೊಮ್ಮೆ ಹೇಳು. ಎಲ್ಲಿ ತಿಳಿವಲ್ದು ಅಂತ ಮೊದಲು ಕೇಳ್ಕೋ. ದೊಡ್ಡೋರದಾರ, ನಾಕು ಮಂದಿ ಮುಂದ ಅವರ ಮಾನ ಹೋಗಬಾರದು."

ಸೇಡಂನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲೂ ಇಂಥದ್ದೇ ಏನೋ ಹೇಳಿದ್ದರಂತೆ. ಅವಳಿಗೆ ಊಟ ಚೆನ್ನಾಗಿತ್ತು ಎಂಬುದಷ್ಟೇ ನೆನಪು.

ಸೋಮವಾರ ಅವಳು ತರಗತಿಗೆ ಹೋದಾಗ ಹಲಗೆ ಒರೆಸಿ ಸ್ವಚ್ಛವಾಗಿತ್ತು. ಟೀಚರಿನ ಕುರ್ಚಿಯನ್ನು ಮಕ್ಕಳ ಮೊದಲ ಸಾಲಿಗೆ ಎಳೆದು ಹಾಕಲಾಗಿತ್ತು. ದೇವಿಕಾ ಸೀಮೆಸುಣ್ಣ ಹಿಡಿದು ನಿಂತಿದ್ದಳು.

"ಬರ್ರಿ ಟೀಚರ್, ಕುಂದ್ರಿ," ಅಂದಳು ಬಹಳ ಮೆತ್ತಗೆ. "ಅಂಜಬ್ಯಾಡ್ರಿ. ಎಲ್ಲಿಂದ ತಿಳಿವಲ್ದು, ಹೇಳ್ರಿ."